ಪೇಡೆಯೂ ಯಕೃತ್ತಿನ ಕೊಬ್ಬೂ

ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಬೆದರಿ ಬಂದ ಠಾಕೂರ ಮನೆತನ ಧಾರವಾಡದಲ್ಲಿ ಪೇಡೆ ಮಾಡತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಾಲನ್ನು ಖೋವಾ ಆಗುವಷ್ಟು ಕಾಯಿಸಿ, ಕಂದುಬಣ್ಣ ಬರುವವರೆಗೆ ಹುರಿದು, ಸಕ್ಕರೆ ಬೆರೆಸಿ, ಮೇಲೆ ಪುಡಿಸಕ್ಕರೆ ಹೊರಳಿಸುವ ಈ ತಿನಿಸು ಮುಂದೆ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು. ಈಗ ಯಕೃತ್ತಿನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರಿನ ಮಾತು ಬಂದಾಗ ಹಲವರು ದೂರುವುದು ಪೇಡೆಯೊಳಗಿನ ಹಾಲಿನ ಕೊಬ್ಬನ್ನು. ಆದರೆ ಯಕೃತ್ತು ಸಕ್ಕರೆಯಿಂದ ತಾನೇ ಕೊಬ್ಬು ತಯಾರಿಸುತ್ತದೆ. ಆದ್ದರಿಂದ ತಿನಿಸಿನಲ್ಲಿ ಕೊಬ್ಬೆಷ್ಟಿದೆ ಎಂದು ಕೇಳಿದರೆ ಸಾಲದು, ಸಿಹಿ ತಿನ್ನುವ ರೂಢಿ ಹೇಗೆ ಬದಲಾಯಿತು ಎಂದೂ ಕೇಳಬೇಕು.

ಪ್ರಾಣಿದೇಹದ ಕೊಬ್ಬೆಲ್ಲ ಮೇವಿನೊಳಗಿನ ಕೊಬ್ಬೇ ಎಂಬ ವಾದವೂ ಹತ್ತೊಂಬತ್ತನೆಯ ಶತಮಾನದ್ದು. ಆದರೆ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಕೃಷಿ ವಿಜ್ಞಾನಿಗಳಾದ ಲಾಸ್ ಮತ್ತು ಗಿಲ್ಬರ್ಟ್ ಹಂದಿಗಳನ್ನು ಸಾಕಿ, ಮೇವಿನಲ್ಲಿದ್ದದ್ದಕ್ಕಿಂತ ಹೆಚ್ಚು ಕೊಬ್ಬು ಅವುಗಳಲ್ಲಿ ಸೇರಿದ್ದನ್ನು ತೋರಿಸಿದರು. ಸಕ್ಕರೆ ಕೊಬ್ಬಾಗುವ ರಾಸಾಯನಿಕ ದಾರಿ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಗ್ಲೂಕೋಸ್ ಒಡೆದು ಬಂದ ಅಸಿಟೈಲ್-ಕೋಎ ಮೊದಲು ಮ್ಯಾಲೊನೈಲ್-ಕೋಎ ಆಗುತ್ತದೆ. ಎರಡೆರಡು ಇಂಗಾಲ ಕೂಡುತ್ತ ಕೊನೆಗೆ 16 ಇಂಗಾಲಗಳ ಪಾಲ್ಮಿಟಿಕ್ ಆಮ್ಲ ಸಿದ್ಧವಾಗುತ್ತದೆ. ಈ ಕ್ಷೇತ್ರದ ಕೆಲಸಕ್ಕಾಗಿ ಜೀವರಸಾಯನ ವಿಜ್ಞಾನಿಗಳಾದ ಬ್ಲಾಕ್ ಮತ್ತು ಲಿನೆನ್ 1964ರಲ್ಲಿ ನೊಬೆಲ್ ಪಡೆದರು. ಸಕ್ಕರೆಯ ಅರ್ಧಭಾಗವಾದ ಫ್ರಕ್ಟೋಸ್, ಗ್ಲೂಕೋಸಿಗಿರುವ ಮುಖ್ಯ ನಿಯಂತ್ರಣವನ್ನು ದಾಟಿ ನೇರ ಈ ದಾರಿಗೆ ಬೀಳುತ್ತದೆ. ಬೆಲ್ಲದಲ್ಲಿರುವುದೂ ಬಹುಪಾಲು ಇದೇ ಸಕ್ಕರೆ. ಅದಕ್ಕೆ ಬೇರೆ ವಿನಾಯಿತಿ ಇಲ್ಲ.

ಆರೋಗ್ಯವಂತರಲ್ಲಿ ಸಕ್ಕರೆಯಿಂದ ಕೊಬ್ಬಿನ ತಯಾರಿಕೆ ತೀರ ಕಡಿಮೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಫ್ಯಾಟಿ ಲಿವರ್ ಇದ್ದವರ ಬಗ್ಗೆ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿಯೂ ಯಕೃತ್ತಿನ ಕೊಬ್ಬಿನ ಸುಮಾರು ಶೇಕಡಾ 59 ದೇಹದ ಕೊಬ್ಬಿನ ಸಂಗ್ರಹದಿಂದ ಬಂದಿತ್ತು, ಶೇಕಡಾ 15 ಆಹಾರದ ಕೊಬ್ಬಿನಿಂದ. ಆದರೆ ಉಳಿದ ಶೇಕಡಾ 26 ಯಕೃತ್ತೇ ಹೊಸದಾಗಿ ತಯಾರಿಸಿದ್ದು, ಅಂದರೆ ಊಟದ ಕೊಬ್ಬಿಗಿಂತ ಹೆಚ್ಚು. ಅಲ್ಲದೆ ಮ್ಯಾಲೊನೈಲ್-ಕೋಎ ಹೆಚ್ಚಿದರೆ ಕೊಬ್ಬು ಉರಿಯುವ ದಾರಿಯೂ ಕಟ್ಟಿಕೊಳ್ಳುತ್ತದೆ. ಪಾಲು ಕಾಲುಭಾಗವಾದರೂ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ಹಾಗಾದರೆ ಪೇಡೆಯನ್ನೇ ಬಿಡಬೇಕೆ? ಇತಿಹಾಸ ಹಾಗೆ ಹೇಳುವುದಿಲ್ಲ. ಪರೀಕ್ಷೆ ಪಾಸಾದಾಗ, ನಿಶ್ಚಿತಾರ್ಥವಾದಾಗ, ಊರಿಗೆ ಹೊರಟವರ ಕೈಗೆ ಕೊಡುವಾಗ ಹಂಚಿ ತಿನ್ನುವ ಪೇಡೆಗೆ ಸಂದರ್ಭವೇ ಮಿತಿ ಹಾಕಿತ್ತು. ದಿನಕ್ಕೆ ಹಲವು ಸಲದ ಚಹಾ, ತಂಪುಪಾನೀಯ, ಬಿಸ್ಕೀಟುಗಳಿಗೆ ಅಂಥ ಮಿತಿಯಿಲ್ಲ, ಕೂತು ಮಾಡುವ ಕೆಲಸ ಆ ಸಕ್ಕರೆಯನ್ನು ಖರ್ಚೂ ಮಾಡುವುದಿಲ್ಲ. ಹುಬ್ಬಳ್ಳಿ-ಧಾರವಾಡದವರು ತಮ್ಮ ಪೇಡೆಯ ಜೊತೆಗೆ ಅದನ್ನು ತಿನ್ನುವ ಹಳೆಯ ಮಿತಿಯನ್ನೂ ಉಳಿಸಿಕೊಳ್ಳಬೇಕು. ಕಡಿತ ಶುರುವಾಗಬೇಕಾದದ್ದು ದಿನನಿತ್ಯದ ಸಕ್ಕರೆಯಿಂದ.