ಶಿವನಸಮುದ್ರದ ತಂತಿಯೂ ಇಂದಿನ ವಿದ್ಯುಜ್ಜಾಲವೂ

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ 1902ನೆಯ ಇಸವಿಯ ಜೂನ್ ತಿಂಗಳು ಸ್ಮರಣೀಯವಾದುದು. ಆ ತಿಂಗಳ ಕೊನೆಯಲ್ಲಿ, ಶಿವನಸಮುದ್ರದ ಬಳಿ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ತಂತಿಯ ಮೂಲಕ ಶಕ್ತಿಯನ್ನು ಸಾಗಿಸಿದ ನಿದರ್ಶನಗಳು ಆ ಕಾಲದ ಲೋಕದಲ್ಲಿಯೇ ವಿರಳವಾಗಿದ್ದುವು. ಯೋಜನೆಯನ್ನು ರೂಪಿಸಿದವರು ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆ ಎಂಬುವರು. ಅದಕ್ಕೆ ಬೆಂಬಲವಾಗಿ ನಿಂತ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ಕಾಲವಶರಾದುದರಿಂದ, ತಮ್ಮ ಸಂಕಲ್ಪವು ಫಲಿಸಿದುದನ್ನು ಕಣ್ಣಾರೆ ಕಾಣಲಿಲ್ಲ.

ಮುಂದೆ 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪಗಳು ಬಂದುವು. ಆದರೆ ಕಾವೇರಿಯಿಂದ ಕೋಲಾರಕ್ಕೆ ಹರಿದ ಆ ತಂತಿಯ ಕೆಳಗಿದ್ದ ಹಳ್ಳಿಗಳಲ್ಲಿ ಎಣ್ಣೆಯ ಹಣತೆಯೇ ಬಹುಕಾಲ ಉರಿಯುತ್ತಿದ್ದಿತು. ಶಕ್ತಿಯು ತಲೆಯ ಮೇಲೆ ಹಾದುಹೋಗುತ್ತಿದ್ದರೂ ಮನೆಯೊಳಗೆ ಕತ್ತಲೆಯೇ. ವಿದ್ಯುಜ್ಜಾಲದ ಚರಿತ್ರೆಯನ್ನು ಪರಿಶೀಲಿಸುವವರು ಈ ಅಂಶವನ್ನು ಮರೆಯಲಾಗದು.

ನಮ್ಮ ಶಾಸ್ತ್ರಕಾರರು ಶಕ್ತಿಯನ್ನು ಇಚ್ಛಾಶಕ್ತಿ, ಜ್ಞಾನಶಕ್ತಿ, ಕ್ರಿಯಾಶಕ್ತಿ ಎಂದು ಮೂರು ವಿಧವಾಗಿ ವಿಂಗಡಿಸಿರುವರು. ಮೊದಲ ನೂರು ವರ್ಷಗಳಲ್ಲಿ ವಿದ್ಯುಜ್ಜಾಲವು ಬೆಳೆಸಿಕೊಂಡುದು ಮುಖ್ಯವಾಗಿ ಕ್ರಿಯಾಶಕ್ತಿಯನ್ನು. ಬೇಸಗೆಯಲ್ಲಿ ನದಿ ಬತ್ತಿದರೆ ಶಿವನಸಮುದ್ರದ ಯಂತ್ರಗಳು ಸೊರಗುತ್ತಿದ್ದುವು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾಗುವುದಕ್ಕೆ ವ್ಯವಸಾಯದೊಡನೆ ಈ ಕೊರತೆಯೂ ಕಾರಣವಾಯಿತು. ಸ್ವಾತಂತ್ರ್ಯಾನಂತರ ಪ್ರಾಂತಪ್ರಾಂತಗಳ ತಂತಿಗಳು ಒಂದಕ್ಕೊಂದು ಕೂಡಿಕೊಂಡುವು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದುವು. ಆದರೆ 2003ರಲ್ಲಿ ಒರಿಸ್ಸಾದ ತಾಲ್ಚೇರಿನಿಂದ ಹೊರಟ, 1,300 ಕಿಲೋಮೀಟರಿಗೂ ಮಿಗಿಲಾದ ಹೊಸದೊಂದು ಮಹಾಮಾರ್ಗವು ಬಂದು ಸೇರಿದುದೂ ಕೋಲಾರವನ್ನೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಣ ತಂತಿಯು ಕೂಡಿದಾಗ, ದಕ್ಷಿಣದ ಜಾಲವು ಉಳಿದ ದೇಶದ ಜಾಲದೊಡನೆ ಒಂದೇ ಲಯದಲ್ಲಿ ಮಿಡಿಯತೊಡಗಿತು.

ಲಯವೆಂಬ ಮಾತು ಇಲ್ಲಿ ಅಲಂಕಾರವಲ್ಲ. ವಿದ್ಯುಚ್ಛಕ್ತಿಯನ್ನು ಕಣಜದಲ್ಲಿ ಭತ್ತವನ್ನು ಕೂಡಿಡುವಂತೆ ತಂತಿಯಲ್ಲಿ ಕೂಡಿಡಲಾಗದು. ಪ್ರತಿಕ್ಷಣವೂ ಉತ್ಪತ್ತಿಯು ಬಳಕೆಗೆ ಸಮನಾಗಿರಬೇಕು. ಈ ಸಮತೆಯ ಗುರುತೇ ಸೆಕೆಂಡಿಗೆ 50 ಆವರ್ತನಗಳು. ಬಳಕೆಯು ಮೀರಿದರೆ ಲಯವು ಕುಗ್ಗುವುದು. ಉತ್ಪತ್ತಿಯು ಮೀರಿದರೆ ಏರುವುದು.

ಕ್ರಿಯಾಶಕ್ತಿಯೊಂದೇ ಸಾಲದೆಂಬುದನ್ನು 2012ರ ಜುಲೈ 30 ಮತ್ತು 31ರ ದುರ್ಘಟನೆಗಳು ತೋರಿಸಿದುವು. ಮೊದಲನೆಯ ದಿನ ನಡುರಾತ್ರಿ ಕಳೆದ ಮೇಲೆ ಬೀನಾ–ಗ್ವಾಲಿಯರ್ ಮಾರ್ಗದ ಮೇಲೆ ಭಾರವು ವಿಪರೀತವಾಯಿತು. ತಂತಿಗೆ ಯಾವ ಅಪಾಯವೂ ಸಂಭವಿಸಿರಲಿಲ್ಲ. ಆದರೂ ಕಾವಲಿಗಿದ್ದ ಉಪಕರಣವು ಭಾರವನ್ನೇ ಅಪಾಯವೆಂದು ಭ್ರಮಿಸಿ ಮಾರ್ಗವನ್ನು ಕಡಿದುಹಾಕಿತು. ಹಗ್ಗವನ್ನು ಹಾವೆಂದು ಬಗೆದಂತಾಯಿತು! ಒಂದರ ಹಿಂದೊಂದು ಮಾರ್ಗಗಳು ಬಿದ್ದು ಉತ್ತರದ ಜಾಲವೆಲ್ಲವೂ ಸ್ತಬ್ಧವಾಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಕುಸಿದು, ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ಶಕ್ತಿಹೀನವಾಯಿತು. ಅಂದು ಬೇರೆಯ ಲಯದಲ್ಲಿದ್ದುದರಿಂದ ದಕ್ಷಿಣವು ಪಾರಾಯಿತು.

ಜಾಲಕ್ಕೆ ಜ್ಞಾನಶಕ್ತಿಯನ್ನು ಕೂಡಿಸುವ ಪ್ರಯತ್ನಕ್ಕೇ ಇಂದು ಸ್ಮಾರ್ಟ್ ಗ್ರಿಡ್ ಎಂದು ಹೆಸರು, ಜಾಣಜಾಲವೆನ್ನಬಹುದು. ಮಹಾಮಾರ್ಗಗಳಲ್ಲಿ, ಉಪಗ್ರಹಗಳ ಗಡಿಯಾರಕ್ಕೆ ಹೊಂದಿಸಿದ ಮಾಪಕಗಳು ಸೆಕೆಂಡಿಗೆ ಹತ್ತಾರು ಸಲ ಜಾಲದ ನಾಡಿಯನ್ನು ಹಿಡಿದು ನೋಡುತ್ತವೆ. ಬೀದಿಯ ಮಟ್ಟದಲ್ಲಿ ಅಂಧತೆಯು ಇನ್ನೂ ಗಾಢವಾಗಿದ್ದಿತು. ಕೇರಿಯ ದೀಪವಾರಿದರೆ, ಯಾರಾದರೂ ಹೋಗಿ ಹೇಳುವ ತನಕ ಕಚೇರಿಗೆ ತಿಳಿಯುತ್ತಿರಲಿಲ್ಲ; ಮನೆಯ ಬಳಕೆಯು ತಿಂಗಳಿಗೊಮ್ಮೆ ಮೀಟರು ನೋಡುವವನು ಬಂದಾಗಲೇ ಗೊತ್ತಾಗುತ್ತಿದ್ದಿತು. ಹೊಸ ಮೀಟರುಗಳಾದರೋ ಬಳಕೆಯನ್ನು ಅರ್ಧ ಗಂಟೆಗೊಮ್ಮೆಯೋ ಅದಕ್ಕೂ ಬೇಗನೆಯೋ ಬರೆದಿಟ್ಟು ತಾವೇ ವರದಿ ಮಾಡುತ್ತವೆ. 2015ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು ಸ್ಥಾಪಿತವಾಯಿತು. ಅದಕ್ಕೆ ಮೊದಲೇ ಪ್ರಯೋಗಾರ್ಥವಾಗಿ ಆರಿಸಿದ 14 ಯೋಜನೆಗಳಲ್ಲಿ ಮೈಸೂರು ನಗರದ್ದೂ ಒಂದು.

ಈ ಜ್ಞಾನವು ಈಗಲೇ ಅವಶ್ಯವಾದುದಕ್ಕೆ ಕಾರಣವುಂಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರಕ್ಷೇತ್ರವು 2019ರ ಕೊನೆಗೆ ಪೂರ್ಣವಾಯಿತು. ಕಟ್ಟೆಯ ನೀರನ್ನು ತೂಬಿನಿಂದ ಹಿಡಿದಿಡಬಹುದು, ಸೂರ್ಯನಿಗೆ ತೂಬಿಲ್ಲ. ಮೋಡ ಬಂದರೆ ಶಕ್ತಿಯು ಇಳಿಯುವುದು, ಸಂಜೆಗೆ ನಿಲ್ಲುವುದು. ಆದುದರಿಂದ ಉತ್ಪತ್ತಿಯು ಬಳಕೆಯನ್ನು ಹಿಂಬಾಲಿಸುವ ಹಳೆಯ ಪದ್ಧತಿಯೊಡನೆ, ಬಳಕೆಯೂ ಉತ್ಪತ್ತಿಯನ್ನು ಅನುಸರಿಸುವ ಹೊಸ ಪದ್ಧತಿಯು ಬೇಕಾಗಿದೆ. ಇದರಿಂದ ರೈತನಿಗಾಗುವ ಉಪಕಾರವು ಅಲ್ಪವಲ್ಲ. ಪಂಪುಸೆಟ್ಟಿಗೆ ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬಂದರೆ, ಹಾವುಚೇಳುಗಳ ನಡುವೆ ಬ್ಯಾಟರಿ ಹಿಡಿದು ಅವನು ಹೊಲಕ್ಕೆ ನಡೆಯಬೇಕು. ಹಗಲಿನ ಸೌರಶಕ್ತಿಯನ್ನು ಹಗಲಿನಲ್ಲಿಯೇ ಅವನ ಬಾವಿಗೆ ಮುಟ್ಟಿಸುವುದು ಸಾಧ್ಯವಾದರೆ, ಆ ನಿದ್ರೆಯೂ ನಿರ್ಭಯತೆಯೂ ಅವನಿಗೆ ದಕ್ಕುವುವು.

ಆದರೆ ಜ್ಞಾನವು ಇಬ್ಬಾಯಿಯ ಕತ್ತಿ. ಅರ್ಧ ಗಂಟೆಗೊಮ್ಮೆಯ ಲೆಕ್ಕವು ಕಳವನ್ನೂ ನಷ್ಟವನ್ನೂ ಹೊರಗೆಡಹುವಂತೆಯೇ, ಮನೆಯವರು ಎದ್ದ, ಮಲಗಿದ, ಊರಿಗೆ ಹೋದ ಸಮಯಗಳನ್ನೂ ಹೊರಗೆಡಹುವುದು. ದೂರದಿಂದಲೇ ಸಂಪರ್ಕವನ್ನು ಕೊಡಬಲ್ಲ ಉಪಕರಣವು, ಹಣವಿಲ್ಲದ ದಿನ ದೂರದಿಂದಲೇ ಅದನ್ನು ಕಡಿಯಲೂ ಬಲ್ಲುದು. ಅಂಥ ಕಡೆ ಬಾಗಿಲಿಗೆ ಬಂದು, ಮುಖ ನೋಡಿ, ಎರಡು ದಿನ ಅವಕಾಶ ಕೊಡುವ ಮನುಷ್ಯನಿಲ್ಲ.

ಹೀಗೆ ಕ್ರಿಯಾಶಕ್ತಿಯನ್ನು ಜಲಪಾತವೂ ಸೂರ್ಯನೂ ಕೊಟ್ಟರು. ಜ್ಞಾನಶಕ್ತಿಯನ್ನು ಯಂತ್ರಗಳು ಕೊಡುತ್ತಿವೆ. ಇಚ್ಛಾಶಕ್ತಿಯು ಮಾತ್ರ ಮನುಷ್ಯನದು. 1902ರ ತಂತಿಯು ಹಳ್ಳಿಗಳನ್ನು ದಾಟಿಹೋದುದು ಅದಕ್ಕೆ ಕಣ್ಣಿಲ್ಲದುದರಿಂದಲ್ಲ. ಅವನ್ನು ಬೆಳಗಬೇಕೆಂಬ ಇಚ್ಛೆಯು ಆಗ ಯೋಜನೆಯಲ್ಲಿರಲಿಲ್ಲ. ಇಂದು ಜಾಲವು ಪ್ರತಿಯೊಂದು ಮನೆಯನ್ನೂ ಕಾಣಬಲ್ಲುದಾಗುತ್ತಿದೆ. ಕಂಡ ಮೇಲೆ ಯಾರ ಮನೆಯ ಕತ್ತಲೆಯನ್ನು ಮೊದಲು ಕಳೆಯಬೇಕೆಂಬುದನ್ನು ಯಂತ್ರವು ಹೇಳಲಾರದು.