ನಾಗಸ್ವರದ ಮನೆಯಿಂದ ಹೊರಟ ಸ್ಯಾಕ್ಸೋಫೋನ್

ಅಮೆರಿಕದಲ್ಲಿ ಬೆಳೆದು ಜಾಸ್ ಸಂಗೀತ ಕಲಿಯುತ್ತಿದ್ದ ರುದ್ರೇಶ್ ಮಹಂತಪ್ಪ ಎಂಬ ತರುಣನಿಗೆ ಅವನ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಕೊಟ್ಟನಂತೆ. ಅದರ ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಇಬ್ಬರೂ ಜೊತೆಗೂಡಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂದಾಗ ಪ್ರಯೋಗಶೀಲ ಜಾಸ್‌ನ ವಿಮರ್ಶಕರು ಅದನ್ನು ಬಾಯಿತುಂಬ ಹೊಗಳಿದರು. ಆಗ ಗೋಪಾಲನಾಥರಿಗೆ 58 ವರ್ಷ.

ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಅವರಿಗೆ ಮೊದಲ ಪಾಠ ಹೇಳಿದವರು ತಂದೆ ತನಿಯಪ್ಪನವರು, ನಾಗಸ್ವರ ವಿದ್ವಾಂಸರು. ನಾಗಸ್ವರ ಮಂಗಳವಾದ್ಯ. ದೇವರ ಉತ್ಸವ, ಮದುವೆಯ ಚಪ್ಪರ ಅದರ ನೆಲೆ. ಸಭೆಗಳಲ್ಲಿಯೂ ಬಹುಮಟ್ಟಿಗೆ ಆರಂಭದಲ್ಲಿ ಶುಭಕ್ಕೆಂದು ನುಡಿಸಿ, ವೇದಿಕೆಯನ್ನು ಇತರರಿಗೆ ಬಿಟ್ಟುಕೊಡಬೇಕಾದ ವಾದ್ಯವದು. ಈ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾದರು.

ವಾದ್ಯ ಮಾತ್ರ ಸುಲಭಕ್ಕೆ ಒಲಿಯುವಂಥದಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಇದು ಬಹುಬೇಗ ಸೇನೆಯ ಬ್ಯಾಂಡುಗಳನ್ನು ಸೇರಿತು. ನಾಗಸ್ವರದ ರಂಧ್ರಗಳ ಮೇಲೆ ಬೆರಳೇ ಕೂರುತ್ತದೆ. ಅರ್ಧ ಮುಚ್ಚಬಹುದು, ಸವರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳು. ಸ್ವರದಿಂದ ಸ್ವರಕ್ಕೆ ಮೆಟ್ಟಿಲಿಳಿದಂತೆ ಹೋಗಬೇಕು. ಕರ್ನಾಟಕ ಸಂಗೀತಕ್ಕೆ ಬೇಕಾದದ್ದು ಇಳಿಜಾರು. ತೋಡಿಯ ಗಾಂಧಾರವನ್ನು ಅಲುಗಿಸದೆ ನುಡಿಸಿದರೆ ಅದು ತೋಡಿಯೇ ಅಲ್ಲ. ತುಟಿಯ ಬಿಗಿ, ಉಸಿರಿನ ಒತ್ತಡ, ಬೆರಳಿನ ಜಾರುವಿಕೆಗಳಿಂದ ಈ ಗಮಕವನ್ನು ಒಲಿಸಿಕೊಳ್ಳಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಎಂ.ಎ. ತರಗತಿಯಲ್ಲಿ ನಮಗೆ 'ಅವಾಂಗಾರ್ಡ್' ಎಂದರೆ ಪರಂಪರೆಯನ್ನು ಮುರಿಯುವುದು ಎಂದೇ ಹೇಳಿಕೊಟ್ಟಿದ್ದರು. (ಪದದ ಮೂಲವೂ ಸೇನೆಯೇ: ಮುಂಚೂಣಿಯ ದಳ.) ಅಮೆರಿಕದ ಆರ್ನೆಟ್ ಕೋಲ್ಮನ್ 1959ರಲ್ಲಿ ನ್ಯೂಯಾರ್ಕಿನಲ್ಲಿ ಇದೇ ಆಲ್ಟೊ ಸ್ಯಾಕ್ಸೋಫೋನ್ ಹಿಡಿದು, ಪಿಯಾನೊದ ಅಳತೆಗೆ ಸಿಗದ ಸ್ವರಗಳನ್ನು ನುಡಿಸಿದಾಗ ಹಲವರು ಅದನ್ನು ಅಪಸ್ವರವೆಂದರು. ಆ ಅಳತೆಗೆ ಸಿಗದ ಸ್ವರಗಳ ನಡುವೆಯೇ ಸಜಿಪದ ಹುಡುಗ ಕಣ್ಣು ಬಿಟ್ಟಿದ್ದ. ಅವನು ಮುರಿಯಬೇಕಾದದ್ದು ಪರಂಪರೆಯನ್ನಲ್ಲ, ಆ ವಾದ್ಯದ ಹಟವನ್ನು. ಗೋಪಾಲನಾಥರನ್ನು 'ಫ್ಯೂಷನ್ ಕಲಾವಿದ' ಎಂದು ಕರೆದು ಮುಗಿಸುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

1980ರಲ್ಲಿ ಬೊಂಬಾಯಿಯ ಜಾಸ್ ಉತ್ಸವದಲ್ಲಿ ಇವರ ವಾದನ ಕೇಳಿದ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ, ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿದರು. ಹ್ಯಾಂಡಿ ಸಾಮಾನ್ಯರಲ್ಲ, ಚಾರ್ಲ್ಸ್ ಮಿಂಗಸ್‌ರ ತಂಡದಲ್ಲಿದ್ದವರು. ಅಲ್ಲಿಂದ ದಾರಿ ತೆರೆಯಿತು. ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆಯಾದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ಗೆ ಆಹ್ವಾನ ಬಂತು. ಅದೇ ವರ್ಷ ತೆರೆಕಂಡ 'ಡ್ಯುಯೆಟ್' ಚಿತ್ರದಿಂದಾಗಿ ಚೆನ್ನೈಯ ನನ್ನ ಸಹೋದ್ಯೋಗಿಗಳು ಇಂದಿಗೂ ಅವರನ್ನು ತಮ್ಮವರೆಂದೇ ಎಣಿಸುತ್ತಾರೆ. ಕದ್ರಿ ಇರುವುದು ಮಂಗಳೂರಿನಲ್ಲಿ ಎಂದರೆ ಅನುಮಾನದಿಂದ ನೋಡುತ್ತಾರೆ!

2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡ ಸುದ್ದಿ ಬಂದ ಸಂಜೆ 'ಕಿನ್ಸ್‌ಮೆನ್' ಹಾಕಿ ಕೇಳಿದೆ. ಎರಡೂ ಆಲ್ಟೊಗಳೇ, ಹಾಗಾಗಿ ಯಾವುದು ಯಾರದೆಂದು ಮೊದಲು ತಿಳಿಯಲಿಲ್ಲ. ಕನ್ಯಾಕುಮಾರಿಯವರ ಪಿಟೀಲಿನ ಜಾಡು ಹಿಡಿದು ಕೇಳುತ್ತ ಹೋದಂತೆ ಒಂದು ಮಾತ್ರ ಯಾವ ಸ್ವರದ ಮೇಲೂ ನೆಟ್ಟಗೆ ನಿಲ್ಲದೆ ಸುತ್ತಿ ಸುಳಿಯುತ್ತಿರುವುದು ಕಿವಿಗೆ ಬಿತ್ತು, ಉತ್ಸವದ ದಿನ ದೇವಸ್ಥಾನದ ಹೊರಾಂಗಣದಿಂದ ಕೇಳಿಬರುವ ಹಾಗೆ.