ಆಂಕರೇಜಿನ ಲಕೋಟೆಗಳು

ಹರಾಜು ಎಂದೊಡನೆ ನಮ್ಮ ಕಿವಿಗೆ ಕೇಳುವುದು ‘ಒಂದು ಸಲ, ಎರಡು ಸಲ’ ಎಂಬ ಕೂಗು. 1969ರ ಸೆಪ್ಟೆಂಬರ್ 10ರಂದು ಅಲಾಸ್ಕದ ಆಂಕರೇಜ್ ನಗರದಲ್ಲಿ ನಡೆದ ತೈಲ ಗುತ್ತಿಗೆಯ ಹರಾಜಿನಲ್ಲಿ ಆ ಕೂಗಿರಲಿಲ್ಲ. ಮೊಹರು ಮಾಡಿದ ಲಕೋಟೆಗಳನ್ನು ತುಂಬಿದ ಸಭೆಯೆದುರು ಬಿಡಿಸಿ, ಒಳಗಿನ ಅಂಕಿಗಳನ್ನು ಓದಲಾಯಿತು. ಎದುರಾಳಿ ಬರೆದ ಮೊತ್ತ ಮೊದಲೇ ತಿಳಿಯದು. ತಿಳಿದ ಮೇಲೆ ತಿದ್ದುವಂತಿಲ್ಲ.

1959ರಲ್ಲಷ್ಟೇ ರಾಜ್ಯದ ಪದವಿ ಪಡೆದ ಅಲಾಸ್ಕಕ್ಕೆ ಸುಮಾರು 10 ಕೋಟಿ ಎಕರೆ ಒಕ್ಕೂಟದ ಭೂಮಿಯನ್ನು ಆರಿಸಿಕೊಳ್ಳುವ ಹಕ್ಕು ದೊರೆತಿತ್ತು. ಹಾಗೆ ಆರಿಸಿಕೊಂಡ ಉತ್ತರದ ಹಿಮಬಯಲಿನ ಪ್ರೂಡೋ ಕೊಲ್ಲಿಯಲ್ಲಿ 1968ರಲ್ಲಿ ಭಾರಿ ತೈಲನಿಕ್ಷೇಪ ಪತ್ತೆಯಾಯಿತು. ಅದರ ಹೃದಯಭಾಗ 1965ರ ಹರಾಜಿನಲ್ಲೇ ಅಗ್ಗದ ಬೆಲೆಗೆ ಗುತ್ತಿಗೆ ಹೋಗಿತ್ತೆಂಬುದನ್ನು ನಾವು ಮರೆಯಬಾರದು. 1969ರಲ್ಲಿ ಕಂಪೆನಿಗಳು ಮುಗಿಬಿದ್ದದ್ದು ಸುತ್ತಲಿನ ನೆಲಕ್ಕೆ. ಉತ್ಪನ್ನದಲ್ಲಿ ರಾಜ್ಯದ ಎಂಟನೇ ಒಂದು ಪಾಲು ಮೊದಲೇ ನಿಗದಿಯಾಗಿತ್ತು. ಪೈಪೋಟಿ ನಡೆದದ್ದು ಬೋನಸ್ ಎಂಬ ಮುಂಗಡ ಮೊತ್ತದ ಮೇಲೆ. ತೈಲ ಸಿಗದಿದ್ದರೂ ಆ ಹಣ ಮರಳದು. ಗುಟ್ಟು ಬಯಲಾದೀತೆಂಬ ಭಯಕ್ಕೆ ಒಂದು ಕೂಟದವರು ಕೆನಡಾದಲ್ಲಿ ರೈಲನ್ನೇ ಬಾಡಿಗೆಗೆ ಹಿಡಿದು, ಅತ್ತಿಂದಿತ್ತ ಓಡಿಸುತ್ತ ಒಳಗೆ ಲೆಕ್ಕ ಹಾಕಿದರಂತೆ!

ಆ ದಿನ ರಾಜ್ಯಕ್ಕೆ ಬಂದದ್ದು 90 ಕೋಟಿ ಡಾಲರು. ಅದಕ್ಕಿಂತಲೂ ನಮಗೆ ಕುತೂಹಲಕರವಾದ ಅಂಕಿ ಇನ್ನೊಂದಿದೆ: ಎರಡನೆಯ ಸ್ಥಾನದ ಬಿಡ್ಡುಗಳನ್ನೆಲ್ಲ ಕೂಡಿದರೆ ಕೇವಲ 37 ಕೋಟಿ. ನಾಲ್ಕನೇ ಮೂರಕ್ಕೂ ಹೆಚ್ಚು ತಾಕುಗಳಲ್ಲಿ ಗೆದ್ದವರು ಎರಡನೆಯವರ ಎರಡು ಪಟ್ಟನ್ನಾದರೂ ತೆತ್ತಿದ್ದರು. ಅಟ್ಲಾಂಟಿಕ್ ರಿಚ್‌ಫೀಲ್ಡ್ ಕಂಪೆನಿಯ ಕೇಪನ್, ಕ್ಲಾಪ್, ಕ್ಯಾಂಪ್‌ಬೆಲ್ ಎಂಬ ಮೂವರು 1971ರಲ್ಲಿ ಈ ಒಗಟನ್ನು ಬಿಡಿಸಿದರು. ನೆಲದಡಿಯ ತೈಲದ ಬೆಲೆ ಎಲ್ಲರಿಗೂ ಒಂದೇ, ಅಂದಾಜು ಮಾತ್ರ ಬೇರೆ ಬೇರೆ. ಹರಾಜು ಗೆಲ್ಲುವವನು ಸಾಮಾನ್ಯವಾಗಿ ಅತಿಹೆಚ್ಚು ಅಂದಾಜು ಮಾಡಿದವನು. ಎದುರಾಳಿಗಳು ಹೆಚ್ಚಿದಷ್ಟೂ ತನ್ನ ಅಂದಾಜನ್ನು ತಗ್ಗಿಸಿ ಬರೆಯುವುದೇ ಜಾಣತನ. ಅರ್ಥಶಾಸ್ತ್ರ ಇದನ್ನು ‘ಗೆದ್ದವನ ಶಾಪ’ ಎಂದು ಕರೆಯಿತು. (ನಮ್ಮಲ್ಲಿ 1974ರ ಬಾಂಬೆ ಹೈ ಒಎನ್‌ಜಿಸಿಗೆ ಹರಾಜಿಲ್ಲದೆ ದಕ್ಕಿತ್ತು, 1999ರ ಹೊಸ ಪರವಾನಗಿ ನೀತಿಯೂ ಬೋನಸ್ಸಿನ ಗೋಜಿಗೆ ಹೋಗಲಿಲ್ಲ.)

ಗೆದ್ದವರಿಗೆ ಶಾಪವಾದರೆ ಮಾರಿದವರಿಗೆ ವರವಾಯಿತೇ? ಕೊಳವೆಮಾರ್ಗ ಮುಗಿದು ತೈಲ ಹರಿಯುವಾಗ 1977 ಬಂದಿತ್ತು; ಅಷ್ಟರೊಳಗೆ ಆ ಹಣ ಕರಗಿಹೋಗಿತ್ತು. ಬೆಚ್ಚಿದ ಮತದಾರರು 1976ರಲ್ಲಿ ಸಂವಿಧಾನವನ್ನೇ ತಿದ್ದಿ, ಇಂಥ ಬೋನಸ್ಸು ಮತ್ತು ರಾಯಧನದ ಕನಿಷ್ಠ ಶೇ. 25ರಷ್ಟನ್ನು ಶಾಶ್ವತ ನಿಧಿಗೆ ಕಟ್ಟಿಹಾಕಿದರು. 1982ರಲ್ಲಿ ಅದರಿಂದ ಪ್ರತಿ ನಿವಾಸಿಗೂ ಸಾವಿರ ಡಾಲರು ಸಂದಿತು.

ಹರಾಜಿನ ದಿನ ಸಭಾಂಗಣದ ಹೊರಗೆ ಮೂಲನಿವಾಸಿಗಳು ಫಲಕ ಹಿಡಿದು ನಿಂತಿದ್ದರು: ಮಾರುತ್ತಿರುವ ನೆಲ ತಮ್ಮದೆಂಬುದು ಅವರ ವಾದ. ಆ ತಕರಾರು ತೀರದೆ ಕೊಳವೆಮಾರ್ಗ ಸಾಗುವಂತಿರಲಿಲ್ಲ. 1971ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಅವರ ಹಕ್ಕಿಗೆ ಕಟ್ಟಿದ ಬೆಲೆ 4.4 ಕೋಟಿ ಎಕರೆ ಭೂಮಿ, ಜೊತೆಗೆ 96.25 ಕೋಟಿ ಡಾಲರು. ಆ ಒಂದೇ ದಿನ ಲಕೋಟೆಗಳಿಂದ ಹೊರಬಂದ ಮೊತ್ತಕ್ಕಿಂತ ಅದು ತುಸುವೇ ಹೆಚ್ಚು.